ಕಬಿನಿ ಹಿನ್ನೀರಿನ ದೋಣಿಯಲ್ಲಿ ನಮ್ಮೂರಿನವರಿಗೂ ಒಂದು ಸೀಟು ಇರಲಿ

ಹೋದ ಬೇಸಿಗೆಯಲ್ಲಿ ನಾವು ನಾಲ್ಕು ಜನ ಗೆಳೆಯರು ದುಡ್ಡು ಕೂಡಿಸಿಕೊಂಡು ಕಬಿನಿ ಹಿನ್ನೀರಿನಲ್ಲಿ ದೋಣಿ ಸಫಾರಿಗೆ ಹೋಗಿದ್ದೆವು. ನಾಲ್ವರೂ ಹೆಗ್ಗಡದೇವನಕೋಟೆ ಕಡೆಯವರೇ. ಹುಟ್ಟಿದಾಗಿನಿಂದ ಈ ನೀರು ನೋಡಿಕೊಂಡೇ ಬೆಳೆದಿದ್ದೇವೆ. ಆದರೆ ಸಫಾರಿ ದೋಣಿಯಲ್ಲಿ ಕೂತದ್ದು ಅದೇ ಮೊದಲು.

ಚೆನ್ನಾಗಿತ್ತು. ಸುಳ್ಳು ಹೇಳುವುದಿಲ್ಲ, ತುಂಬಾ ಚೆನ್ನಾಗಿತ್ತು. ದಡದ ಹಸಿರು ಹುಲ್ಲಿನಲ್ಲಿ ಮರಿಗಳ ಸಮೇತ ಆನೆಗಳು ಮೇಯುತ್ತಿದ್ದವು. ಒಣಮರದ ತುದಿಯಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿದ್ದವು. ಕೆಸರಿನ ದಿಬ್ಬದ ಮೇಲೆ ಒಂದು ಮೊಸಳೆ ಬಾಯಿ ತೆರೆದುಕೊಂಡು ಮಲಗಿತ್ತು. ಚಾಲಕ ಮೋಟಾರ್ ನಿಲ್ಲಿಸಿದಾಗ ಆನೆ ಹುಲ್ಲು ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸುವ ಸದ್ದು ಕೂಡ ಕೇಳಿಸಿತು.

ಸಂಜೆ ಮನೆಗೆ ಬಂದು ನಮ್ಮಲ್ಲೊಬ್ಬರ ಅಜ್ಜಿಗೆ ಫೋನಿನಲ್ಲಿ ಫೋಟೊ ತೋರಿಸಿದೆವು. ಅಜ್ಜಿ ಆನೆ ನೋಡಲಿಲ್ಲ. ನೀರಿನೊಳಗಿಂದ ಎದ್ದು ನಿಂತಿದ್ದ ಒಣಮರಗಳನ್ನೇ ನೋಡಿದರು. ಆಮೇಲೆ ಕೇಳಿದರು: "ನಮ್ಮಟ್ಟಿ ಮೇಲೇ ದೋಣಿ ಬುಡ್ತಾರಾ ಮಗ?"

ನಮಗೆ ಉತ್ತರ ಹೊಳೆಯಲಿಲ್ಲ. ಈ ಬರಹ ಅದೇ ಪ್ರಶ್ನೆಗೆ ನಾವು ಕೊಡಬಹುದಾದ ಉತ್ತರ.

ಇದು ಕೆರೆಯೂ ಅಲ್ಲ, ಸರೋವರವೂ ಅಲ್ಲ

ಹೊರಗಿನಿಂದ ಬರುವವರು ಕಬಿನಿ ಹಿನ್ನೀರನ್ನು ಕಾಡಿನ ನಡುವೆ ತಾನಾಗಿಯೇ ಹುಟ್ಟಿದ ಸರೋವರ ಅಂದುಕೊಳ್ಳುತ್ತಾರೆ. ಅವರ ತಪ್ಪಲ್ಲ, ನೋಡಿದರೆ ಹಾಗೇ ಕಾಣುತ್ತದೆ. ಆದರೆ ನಮಗೆ ಗೊತ್ತು. ವಯನಾಡಿನಲ್ಲಿ ಮಾನಂದವಾಡಿ ಹೊಳೆ, ಪನಮರಂ ಹೊಳೆ ಕೂಡಿ ಹುಟ್ಟುವ ಕಬಿನಿ, ನಮ್ಮ ತಾಲ್ಲೂಕಿನ ಮೂಲಕ ಹಾದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ಅದಕ್ಕೆ ಬೀಚನಹಳ್ಳಿಯ ಬಳಿ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ಗರಿಷ್ಠ ಮಟ್ಟ 2284 ಅಡಿ, ಸಂಗ್ರಹ 19.52 ಟಿಎಂಸಿ. ಮಳೆಗಾಲ ಬಂದರೆ ಈ ಎರಡು ಅಂಕಿ ದಿನಾ ಪೇಪರಿನಲ್ಲಿ ಬರುತ್ತವೆ. ಆ ನೀರು ನಿಂತ ಜಾಗದಲ್ಲಿ ಹೊಲ ಇತ್ತು, ಹಟ್ಟಿ ಇತ್ತು, ಕಾಡಿತ್ತು.

ಪ್ರವಾಸಿಗರು ಮುಗಿಬಿದ್ದು ಫೋಟೊ ತೆಗೆಯುವ ಆ ಒಣಮರಗಳು ಮುಳುಗಿದ ಕಾಡಿನ ಮರಗಳು. ಐವತ್ತು ವರ್ಷ ಆದರೂ ಬಿದ್ದಿಲ್ಲ.

ಬೇಸಿಗೆಯಲ್ಲಿ ನೂರಾರು ಆನೆಗಳು ಬಂದು ಸೇರುವುದಕ್ಕೂ ಅಣೆಕಟ್ಟೇ ಕಾರಣ. ಜಲಾಶಯದಿಂದ ನೀರು ಕೆಳಗೆ ಬಿಟ್ಟಂತೆ ಹಿನ್ನೀರು ಇಳಿಯುತ್ತದೆ. ಇಳಿದ ಜಾಗದ ತೇವಕ್ಕೆ ಎಳೆ ಹುಲ್ಲು ಚಿಗುರುತ್ತದೆ. ಅತ್ತ ನಾಗರಹೊಳೆಯಲ್ಲಿ, ಇತ್ತ ಬಂಡೀಪುರದಲ್ಲಿ ಹಳ್ಳ ಕೊಳ್ಳ ಒಣಗಿರುತ್ತವೆ. ಹಾಗಾಗಿ ಎರಡೂ ಕಡೆಯ ಆನೆಗಳು ಇಲ್ಲಿಗೆ ಇಳಿಯುತ್ತವೆ. ಅಂದರೆ ದೂರದ ಊರಿನವರು ದುಡ್ಡು ಕೊಟ್ಟು ನೋಡಿ ಹೋಗುವ ಆ ಹುಲ್ಲುಗಾವಲು ಒಂದು ಕಾಲಕ್ಕೆ ಯಾರದೋ ಹೊಲವೋ, ಯಾರದೋ ಹಾಡಿಯ ಅಂಗಳವೋ ಆಗಿರಬಹುದು.

ಈ ನೀರಿನ ಕೆಳಗೆ ಇನ್ನೂ ಹಳೆಯ ಕಥೆಯೊಂದಿದೆ. ಕಾಕನಕೋಟೆಯ ಖೆಡ್ಡಾ ಹೆಸರು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಕಾಡಾನೆಗಳನ್ನು ಅಟ್ಟಿಕೊಂಡು ಬಂದು, ಕಬಿನಿ ಹೊಳೆಗೆ ಇಳಿಸಿ ದಾಟಿಸಿ, ದಿಮ್ಮಿಯ ಬೇಲಿಯೊಳಗೆ ಕೂಡುತ್ತಿದ್ದರು. ಆ ಕೆಲಸದಲ್ಲಿ ಪ್ರಾಣ ಕೈಯಲ್ಲಿ ಹಿಡಿದು ದುಡಿದವರು ನಮ್ಮ ಕುರುಬ ಸಮುದಾಯಗಳ ಜನ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಆ ಜಾಗಕ್ಕೂ ನೀರು ಬಂತು. ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಅರ್ಜುನ 1968ರಲ್ಲಿ ಸೆರೆಸಿಕ್ಕಿದ್ದು ಇದೇ ಕಾಕನಕೋಟೆ ಖೆಡ್ಡಾದಲ್ಲಿ. ಅವನ ಬಿಡಾರ ನಮ್ಮ ಬಳ್ಳೆಯಲ್ಲಿತ್ತು. 2023ರ ಡಿಸೆಂಬರ್ 4ರಂದು ಸಕಲೇಶಪುರ ಕಡೆ ಕಾಡಾನೆಯೊಂದಿಗೆ ಕಾದಾಡಿ ಸತ್ತಾಗ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನ ಅತ್ತರು ಅನ್ನುವುದನ್ನು ಹೇಳಬೇಕಾಗಿಲ್ಲ.

ನಾವು ಹೋದ ದೋಣಿಯಲ್ಲಿ ಇದು ಯಾವುದೂ ಬರಲಿಲ್ಲ. ಗೈಡ್ ಒಳ್ಳೆಯ ಹುಡುಗ. ಹಕ್ಕಿಗಳ ಹೆಸರನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದ. ಹುಲಿ ಎಲ್ಲಿ ನೀರಿಗೆ ಇಳಿಯುತ್ತದೆ ಅಂತ ತೋರಿಸಿದ. ಊರಿನ ವಿಷಯ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹಳೇ ದೋಣಿಗೆ ಬೆಲೆ ಬಂದದ್ದು ಹೇಗೆ

ನಮ್ಮಲ್ಲಿ ಅನೇಕರು ಕೆಲಸಕ್ಕೆಂದು ಬಾವಲಿ ದಾಟಿ ಕೇರಳಕ್ಕೆ ಹೋಗಿಬರುತ್ತಾರೆ. ಆಲಪ್ಪುಳದ ಕೆಟ್ಟುವಳ್ಳಂ ದೋಣಿಯನ್ನು ಫೋಟೊದಲ್ಲಾದರೂ ನೋಡಿರುತ್ತೀರಿ. ಮೊಳೆ ಹೊಡೆಯದೆ, ಮರದ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟುವ ದೋಣಿ ಅದು. ಹಿಂದೆ ಭತ್ತ, ಅಕ್ಕಿ ಮೂಟೆ ಸಾಗಿಸುತ್ತಿತ್ತು. ಲಾರಿ ಬಂದ ಮೇಲೆ ಮೂಲೆ ಸೇರಿತು. 1990ರ ದಶಕದಲ್ಲಿ ಅದಕ್ಕೆ ಚಾವಣಿ ಹಾಕಿ, ಒಳಗೆ ಮಂಚ ಹಾಕಿ ಪ್ರವಾಸಿಗರಿಗೆ ಕೊಟ್ಟರು. ಇವತ್ತು ಜನ ಅಲ್ಲಿಗೆ ಹೋಗುವುದೇ ಆ ಹಳೇ ದೋಣಿಯಲ್ಲಿ ಕೂರಲು. ಅದು ಭತ್ತ ಹೊರುತ್ತಿದ್ದ ದೋಣಿ ಅನ್ನುವ ಕಥೆಯೇ ಅದರ ಬೆಲೆ.

ನಮ್ಮದೇ ಕಬಿನಿ ಮೇಲೆ, ವಯನಾಡಿನ ಕುರುವಾ ದ್ವೀಪದಲ್ಲಿ, ಬಂದವರನ್ನು ಬಿದಿರಿನ ತೆಪ್ಪದಲ್ಲಿ ಕರೆದುಕೊಂಡು ಹೋಗುತ್ತಾರೆ.

ನಮ್ಮಲ್ಲೂ ಹಳೇ ದೋಣಿ ಇದೆ. ಬಿದಿರು ಸೀಳಿ ಬುಟ್ಟಿಯ ಹಾಗೆ ಹೆಣೆದು, ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ, ಡಾಂಬರು ಬಳಿದ ತೆಪ್ಪ. ಒಂದೇ ಹುಟ್ಟಿನಲ್ಲಿ ಅದನ್ನು ನೆಟ್ಟಗೆ ನಡೆಸುವುದು ಸುಮ್ಮನೆ ಬರುವ ವಿದ್ಯೆ ಅಲ್ಲ. ಗೊತ್ತಿಲ್ಲದವನು ಕೂತರೆ ಬುಗುರಿಯ ಹಾಗೆ ಸುತ್ತುತ್ತದೆ. ಸಂಜೆ ಹೊತ್ತು ರೆಸಾರ್ಟಿನ ಅತಿಥಿಗಳನ್ನು ತೆಪ್ಪದಲ್ಲಿ ಸುತ್ತಾಡಿಸುವುದುಂಟು. ಹಾಡಿಯ ಗುಡಿಸಲಿನ ಮಾದರಿಯಲ್ಲೇ ಕೊಠಡಿ ಕಟ್ಟಿದ ರೆಸಾರ್ಟೂ ಇದೆ. ನಮ್ಮ ತೆಪ್ಪಕ್ಕೆ, ನಮ್ಮ ಗುಡಿಸಲಿಗೆ ಬೆಲೆ ಬಂದಿದೆ. ಹುಟ್ಟು ಹಾಕುವವನ ಕಥೆಗೆ, ಗುಡಿಸಲಿನಲ್ಲಿ ನಿಜವಾಗಿ ಬದುಕುವವನಿಗೆ ಇನ್ನೂ ಬಂದಿಲ್ಲ. ನಮ್ಮ ತಕರಾರು ಇಷ್ಟೇ.

ಸಫಾರಿ ಮುಚ್ಚಿ ಅನ್ನುವುದು ನಮ್ಮ ಮಾತಲ್ಲ

2025ರ ಅಕ್ಟೋಬರ್, ನವೆಂಬರ್ ತಿಂಗಳು ನಮ್ಮ ಕಡೆ ಹೇಗಿತ್ತು ಅಂತ ನಿಮಗೆ ನೆನಪಿದೆ. ಹುಲಿ ದಾಳಿಗೆ ಹೊಲದಲ್ಲಿದ್ದ ರೈತರು ಬಲಿಯಾದರು. ಜನ ರೊಚ್ಚಿಗೆದ್ದರು. ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸುವಂತೆ ಆದೇಶಿಸಿದರು.

ಆಗ ಊರೂರಲ್ಲೂ ಎರಡು ಮಾತು. ಹೊಲ ಇರುವವರು "ನಿಲ್ಲಿಸಿದ್ದು ಸರಿ, ಇವರ ಮೋಜಿಗೆ ನಮ್ಮ ಪ್ರಾಣ ಕೊಡಬೇಕಾ" ಅಂದರು. ಜೀಪು ಓಡಿಸುವವರು, ರೂಮು ಗುಡಿಸುವವರು, ಅಡುಗೆಗೆ ಹೋಗುವವರು "ನಮ್ಮ ಮನೆ ಒಲೆ ಉರಿಯೋದು ಹೇಗೆ" ಅಂದರು. ಒಂದೇ ಮನೆಯಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ.

ಇಬ್ಬರ ಮಾತೂ ನಿಜ. ಸರ್ಕಾರದ ಜಂಗಲ್ ಲಾಡ್ಜಸ್ ಕಾರಾಪುರದಲ್ಲಿ ಶುರುವಾದಾಗಿನಿಂದ ಈ ದಡದಲ್ಲಿ ಪ್ರವಾಸೋದ್ಯಮ ಬೆಳೆದಿದೆ. ಅದನ್ನು ನಂಬಿದ ಸಂಸಾರಗಳಿವೆ. ಆದರೆ ಕಾಡನ್ನು ನೋಡುವ ಸುಖ ಒಬ್ಬರಿಗೆ, ಕಾಡಿನ ಪಕ್ಕ ಬದುಕುವ ಕಷ್ಟ ಇನ್ನೊಬ್ಬರಿಗೆ ಅಂತ ಪಾಲಾದರೆ ಸಿಟ್ಟು ಬರದೆ ಇರುತ್ತದೆಯೇ? ನಮ್ಮ ಹಳ್ಳಿಯ ಮಗು ಆನೆ ಅಂದರೆ ರಾತ್ರಿ ಹೊತ್ತು ರಾಗಿ ಹೊಲಕ್ಕೆ ನುಗ್ಗುವ ಕಪ್ಪು ಆಕಾರ ಅಂತಷ್ಟೇ ತಿಳಿದಿದೆ. ತಮಟೆ ಬಡಿದು, ಪಟಾಕಿ ಹೊಡೆದು ಓಡಿಸಬೇಕಾದದ್ದು ಅಂತ. ಅದೇ ಆನೆ ಹಗಲು ಹೊತ್ತು ನೀರಿನ ದಡದಲ್ಲಿ ಮರಿಗೆ ಹಾಲು ಕುಡಿಸುವುದನ್ನು ಬೆಂಗಳೂರಿನ ಮಗು ನೋಡುತ್ತದೆ. ಯಾವ ಮಗುವಿಗೆ ಕಾಡು ಉಳಿಯಬೇಕು ಅನ್ನಿಸುತ್ತದೆ, ನೀವೇ ಹೇಳಿ.

ನಾವು ಕೇಳುವುದು ನಾಲ್ಕು ವಿಷಯ

ಒಂದು. ವಾರಕ್ಕೆ ಒಂದು ಟ್ರಿಪ್ ಈ ತಾಲ್ಲೂಕುಗಳ ಸರ್ಕಾರಿ ಶಾಲೆ ಮತ್ತು ಆಶ್ರಮ ಶಾಲೆಯ ಮಕ್ಕಳಿಗೆ ಬಿಡಲಿ. ಅರಣ್ಯ ಇಲಾಖೆಯ 'ಚಿಣ್ಣರ ವನ ದರ್ಶನ' ಕಾರ್ಯಕ್ರಮ ಹೇಗೂ ಇದೆ, ಅದಕ್ಕೆ ದೋಣಿಯನ್ನೂ ಸೇರಿಸಬಹುದು. ಹೊಸ ದೋಣಿ ಬೇಡ, ಹೊಸ ಟ್ರಿಪ್ಪೂ ಬೇಡ. ಈಗ ಓಡುತ್ತಿರುವುದರಲ್ಲೇ ಪಾಲು ಕೊಡಲಿ. ಆಗ ಕಾಡಿಗೆ ಹೊರೆ ಹೆಚ್ಚಿತು ಅನ್ನುವ ಮಾತು ಬರುವುದಿಲ್ಲ.

ಎರಡು. ಮುಳುಗಿದ ಊರುಗಳ, ಹಾಡಿಗಳ ಹಿರಿಯರನ್ನು ಒಂದು ಸಲವಾದರೂ ಕರೆದುಕೊಂಡು ಹೋಗಲಿ. ಅವರೆಲ್ಲ ಎಪ್ಪತ್ತು ದಾಟಿದ್ದಾರೆ. ಇನ್ನು ಹತ್ತು ವರ್ಷಕ್ಕೆ ಯಾವ ಹೊಲ ಎಲ್ಲಿತ್ತು, ಯಾವ ಗುಡಿ ಎಲ್ಲಿತ್ತು ಅಂತ ಬೆರಳು ತೋರಿಸಿ ಹೇಳುವವರು ಇರುವುದಿಲ್ಲ. ಅವರು ಹೇಳಿದ್ದನ್ನು ಬರೆದಿಟ್ಟು, ಗೈಡ್‌ಗಳಿಗೆ ಕಲಿಸಿ, ದೋಣಿಯಲ್ಲಿ ಕನ್ನಡದಲ್ಲೂ ಹೇಳಿಸಲಿ. ಪ್ರವಾಸಿಗರಿಗೆ ಇದು ಬೇಸರ ತರುತ್ತದೆ ಅಂತ ನಮಗೆ ಅನ್ನಿಸುವುದಿಲ್ಲ. ಭತ್ತದ ದೋಣಿಯ ಕಥೆ ಕೇಳುವವರು ಮುಳುಗಿದ ಊರಿನ ಕಥೆಯನ್ನೂ ಕೇಳುತ್ತಾರೆ.

ಮೂರು. ಎಲ್ಲರ ಪ್ರಾಣಕ್ಕೂ ಒಂದೇ ಬೆಲೆ ಇರಲಿ. ಸಫಾರಿ ದೋಣಿ ಹತ್ತುವ ಮೊದಲು ನಮಗೆ ಲೈಫ್ ಜಾಕೆಟ್ ಹಾಕಿಸಿ, ಬಕಲ್ ಎಳೆದು ನೋಡಿದರು. ಹಾಗೇ ಇರಬೇಕು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ಪ್ರಾಣಿ ನೋಡಲು ಎಲ್ಲರೂ ಒಂದೇ ಬದಿಗೆ ಸರಿದರು ಅಂತ ಆಗ ವರದಿಯಾಗಿತ್ತು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಬರುತ್ತಿದ್ದ ದೋಣಿ ಮುಳುಗಿ 16 ಜನ ಹೋದರು. ನೀರಿಗೆ ಪ್ರವಾಸಿ, ಭಕ್ತ, ಮೀನುಗಾರ ಅಂತ ಭೇದ ಇಲ್ಲ. ಆದರೆ ಇದೇ ಹಿನ್ನೀರಿನಲ್ಲಿ ಬೆಳಗಿನ ಜಾವ ತೆಪ್ಪದಲ್ಲಿ ಬಲೆ ಬಿಡಲು ಹೋಗುವ ನಮ್ಮವರ ಮೈಮೇಲೆ ಒಂದು ಜಾಕೆಟ್ ನಾವು ಕಂಡಿಲ್ಲ. ಅವರಿಗೂ ಕೊಡಿಸಲಿ. ಮೀನು ಹಿಡಿಯುವ ಅಣ್ಣಂದಿರೇ, ಕೊಟ್ಟರೆ ನೀವೂ ಹಾಕಿಕೊಳ್ಳಿ, ಸೆಕೆ ಅಂತ ತೆಗೆದಿಡಬೇಡಿ.

ನಾಲ್ಕು. ಲೆಕ್ಕ ಕೊಡಲಿ. ಹುಲಿ ಸಂರಕ್ಷಿತ ಪ್ರದೇಶಗಳ ಪ್ರವಾಸೋದ್ಯಮಕ್ಕೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2012ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಪ್ರವಾಸೋದ್ಯಮದವರಿಂದ ಸಂರಕ್ಷಣಾ ಶುಲ್ಕ ಪಡೆಯಬೇಕು, ಅದು ಕಾಡಿಗೆ ಮತ್ತು ಕಾಡಂಚಿನ ಜನರ ಒಳಿತಿಗೆ ಬಳಕೆಯಾಗಬೇಕು ಅನ್ನುವುದು ಅದರ ಆಶಯ. ಹಾಗಾದರೆ ನಮ್ಮ ಕಡೆ ಎಷ್ಟು ಬಂತು, ಯಾವ ಊರಿಗೆ ಎಷ್ಟು ಹೋಯಿತು ಅನ್ನುವುದನ್ನು ಪ್ರತಿ ವರ್ಷ ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಲಿ.

"ಹಳ್ಳಿಯವರು ಬಂದರೆ ಗಲಾಟೆ" ಅನ್ನುವವರಿಗೆ

ಈ ಮಾತು ನಮ್ಮ ಕಿವಿಗೂ ಬಿದ್ದಿದೆ. ಊರಿನವರನ್ನು ಬಿಟ್ಟರೆ ಕೂಗಾಡುತ್ತಾರೆ, ಕವರು ಎಸೆಯುತ್ತಾರೆ, ಪ್ರಾಣಿಗಳು ಓಡುತ್ತವೆ ಅಂತ. ಆವತ್ತು ನಮ್ಮ ದೋಣಿಯಲ್ಲಿ ಆನೆ ಕಂಡಾಗ ಎದ್ದು ನಿಂತು ಕೂಗಿದವರು ಹಳ್ಳಿಯವರಲ್ಲ. ಚಾಲಕ ಎರಡು ಸಲ ಕೈಮುಗಿದು ಕೂರಿಸಬೇಕಾಯಿತು. ಆನೆಯ ಎದುರು ಹೇಗೆ ಸುಮ್ಮನಿರಬೇಕು ಅನ್ನುವುದನ್ನು ರಾತ್ರಿ ಅಟ್ಟಣೆ ಮೇಲೆ ಹೊಲ ಕಾಯುವವನಿಗೆ ಯಾರೂ ಕಲಿಸಬೇಕಾಗಿಲ್ಲ. ತಪ್ಪು ಮಾಡುವವರು ಎಲ್ಲ ಕಡೆಯೂ ಇರುತ್ತಾರೆ, ನಿಯಮ ಎಲ್ಲರಿಗೂ ಒಂದೇ ಇರಲಿ.

ನಾವು ಏನು ಮಾಡಬಹುದು

ಫೋನಿನಲ್ಲಿ ಓದಿ ಲೈಕ್ ಒತ್ತಿದರೆ ದೋಣಿ ದಡಕ್ಕೆ ಬರುವುದಿಲ್ಲ. ಮುಂದಿನ ಗ್ರಾಮ ಸಭೆಯಲ್ಲಿ ಈ ನಾಲ್ಕು ವಿಷಯ ಎತ್ತಿ, ನಿರ್ಣಯ ಬರೆಸಿ, ಪ್ರತಿ ಪಡೆದುಕೊಳ್ಳಿ. ಶಾಲೆಯ ಎಸ್‌ಡಿಎಂಸಿ ಸದಸ್ಯರಾಗಿದ್ದರೆ ಮುಖ್ಯ ಶಿಕ್ಷಕರ ಮೂಲಕ ವಲಯ ಅರಣ್ಯಾಧಿಕಾರಿಗೆ ಒಂದು ಪತ್ರ ಕಳಿಸಿ.

ಲೆಕ್ಕ ಬೇಕಾದವರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. 30 ದಿನದಲ್ಲಿ ಉತ್ತರ ಬರಬೇಕು. "ಕಳೆದ ಮೂರು ವರ್ಷಗಳಲ್ಲಿ ಪ್ರವಾಸೋದ್ಯಮದಿಂದ ಸಂಗ್ರಹವಾದ ಸಂರಕ್ಷಣಾ ಶುಲ್ಕ ಎಷ್ಟು, ಯಾವ ಗ್ರಾಮಗಳಿಗೆ ಎಷ್ಟು ಖರ್ಚಾಗಿದೆ" ಅಂತ ಬರೆದರೆ ಸಾಕು. ಬರೆಯಲು ತೊಂದರೆಯಾದರೆ ನಮಗೆ ಹೇಳಿ, ಕೂತು ಬರೆದುಕೊಡುತ್ತೇವೆ. ಪತ್ರಿಕೋದ್ಯಮ ಓದಿದ್ದು ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ.

ನಮ್ಮದು ನಾಲ್ಕು ಜಲಾಶಯಗಳ ನಾಡು: ಕಬಿನಿ, ನುಗು, ತಾರಕ, ಹೆಬ್ಬಳ್ಳ. ಹೊಲ ಕೊಟ್ಟವರು ನಾವು, ನೀರು ಬಹುಪಾಲು ಹರಿದದ್ದು ಕೆಳಗಿನವರಿಗೆ. ಅದನ್ನು ಯಾರೂ ಈಗ ವಾಪಸ್ ಕೇಳುತ್ತಿಲ್ಲ. ನಾವು ಕೇಳುತ್ತಿರುವುದು ದೋಣಿಯಲ್ಲಿ ಒಂದು ಸೀಟು, ಗೈಡಿನ ಬಾಯಲ್ಲಿ ಒಂದೆರಡು ಮಾತು.

ಅಜ್ಜಿಗೆ ಆಮೇಲೆ ಹೇಳಿದೆವು: "ಹೂಂ ಅಜ್ಜಿ, ನಿಮ್ಮಟ್ಟಿ ಮೇಲೇ ಬುಡ್ತಾರೆ." ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದ್ ಕಿತ ನನ್ನೂ ಕರ್ಕೊಂಡೋಗಿ. ಬಾವಿ ಎಲ್ಲಿತ್ತು ಅಂತ ತೋರುಸ್ತೀನಿ" ಅಂದರು.

ಬೇಸಿಗೆ ಮತ್ತೆ ಬರುತ್ತದೆ. ನೀರು ಮತ್ತೆ ಇಳಿಯುತ್ತದೆ. ಅಷ್ಟರೊಳಗೆ ಅಜ್ಜಿಗೆ ಒಂದು ಸೀಟು ಸಿಗಬೇಕು.