ಕಾಂಪ್ಯಾಕ್ಟ್ ಅಲ್ಲ ಸ್ವಾಮಿ, ಇಕ್ಕಟ್ಟು!

ಬೆಂಗಳೂರಿನ ಫ್ಲ್ಯಾಟ್ ಜಾಹೀರಾತುಗಳು ಕೆಡಿಸಿರೋ ಪದಗಳ ಪಟ್ಟಿ ಮಾಡಿದರೆ 'ಕಾಂಪ್ಯಾಕ್ಟ್'ಗೇ ಮೊದಲ ಸ್ಥಾನ. ಮಂಚ ಹಾಕಿದ ಮೇಲೆ ಬೀರುವಿನ ಬಾಗಿಲು ತೆಗೆಯೋಕಾಗದ ಕೋಣೆಗೂ ಈಗ ಅದೇ ಹೆಸರು.

ಲ್ಯಾಟಿನ್ ಮೂಲದಲ್ಲಿ ಈ ಪದಕ್ಕೆ 'ಒಟ್ಟಾಗಿ ಬಿಗಿದದ್ದು' ಅಂತ ಅರ್ಥ. ಅಂದರೆ ಜಾಗ ಕಡಿಮೆಯಾದರೂ ಕೆಲಸ ಕಡಿಮೆಯಾಗಬಾರದು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್ ನೋಡಿ. ಅಡ್ಡಳತೆ ಬರೀ 12 ಸೆಂಟಿಮೀಟರ್, ಆದರೆ 30 ಸೆಂಟಿಮೀಟರಿನ ಎಲ್‌ಪಿ ರೆಕಾರ್ಡಿಗಿಂತ ಹೆಚ್ಚು ಹೊತ್ತು ಹಾಡುತ್ತಿತ್ತು. ನಮ್ಮೂರ ಮನೆಯ ಚಾಪೆಯೂ ಅಷ್ಟೇ. ರಾತ್ರಿ ಹಾಸಿದರೆ ಮಲಗೋ ಕೋಣೆ, ಬೆಳಿಗ್ಗೆ ಸುತ್ತಿ ಮೂಲೆಗಿಟ್ಟರೆ ಅದೇ ಊಟದ ಪಡಸಾಲೆ. ಇದಕ್ಕೆ ಕನ್ನಡದಲ್ಲಿ 'ಅಡಕ' ಅಂತೀವಿ. ಜಾಗವನ್ನೂ ಕಿತ್ತುಕೊಂಡು ಕೆಲಸವನ್ನೂ ಕೆಡಿಸಿದರೆ ಅದು 'ಇಕ್ಕಟ್ಟು'. ಈಗ ಎರಡನ್ನೂ ಒಂದೇ ಇಂಗ್ಲಿಷ್ ಪದದಲ್ಲಿ ಸುತ್ತಿ ಮಾರುತ್ತಿದ್ದಾರೆ.

'ಸಿಟಿಯಲ್ಲಿ ಭೂಮಿ ದುಬಾರಿ, ಸಣ್ಣ ಮನೆ ಕಟ್ಟಿದರೆ ತಪ್ಪೇನು?' ಅನ್ನಬಹುದು. ಸಣ್ಣ ಮನೆ ತಪ್ಪಲ್ಲ, ಸಣ್ಣದನ್ನು ಸಣ್ಣದು ಅನ್ನದಿರೋದು ತಪ್ಪು. 'ಸೂಪರ್ ಬಿಲ್ಟ್-ಅಪ್' ಲೆಕ್ಕದಲ್ಲಿ ಲಿಫ್ಟು, ಮೆಟ್ಟಿಲು, ಲಾಬಿಯ ಪಾಲೂ ನಿಮ್ಮ ಚದರಡಿಯೇ. 2016ರ ರೇರಾ ಕಾಯ್ದೆ ಹೇಳೋ ಕಾರ್ಪೆಟ್ ಏರಿಯಾ ಬೇರೆ: ಹೊರಗೋಡೆ, ಬಾಲ್ಕನಿ ಬಿಟ್ಟು ಒಳಗೆ ಬಳಸೋಕೆ ಸಿಗೋ ನೆಲ.

ಇಪ್ಪತ್ತು ವರ್ಷ ಇಎಂಐ ಕಟ್ಟೋರು ನಾವು. ಹಾಗಾಗಿ ಸೇಲ್ಸ್‌ನವರು 'ಕಾಂಪ್ಯಾಕ್ಟ್ ಸರ್' ಅಂದ ಕೂಡಲೇ ಎರಡು ಪ್ರಶ್ನೆ ಕೇಳಿ. ಕಾರ್ಪೆಟ್ ಏರಿಯಾ ಎಷ್ಟು? ಊರಿಂದ ಅಪ್ಪ ಅಮ್ಮ ಬಂದರೆ ಎಲ್ಲಿ ಮಲಗಿಸೋದು?