ಮನೆತನದಲ್ಲಿ ಲಕ್ವ ಇದ್ದರೆ ಜೀನ್ ಪರೀಕ್ಷೆ ಮಾಡಿಸಬೇಕಾ? ತೀರ್ಮಾನ ಯಾರದ್ದು?

ನಮ್ಮ ಊರುಗಳಲ್ಲಿ ಯಾರಿಗಾದರೂ ಲಕ್ವ ಹೊಡೆದರೆ ಜನ ಮೊದಲು ಕೇಳುವುದು ಎರಡೇ ಪ್ರಶ್ನೆ. ಬಿಪಿ ಇತ್ತಾ? ಶುಗರ್ ಇತ್ತಾ? ಎರಡೂ ಇರಲಿಲ್ಲ ಅಂದರೆ ಮಾತು ಬೇರೆ ಕಡೆ ತಿರುಗುತ್ತದೆ. ಗಾಳಿ ಸೋಕಿದೆ, ಯಾರದೋ ಕಣ್ಣು ಬಿದ್ದಿದೆ, ಆ ಮನೆಗೆ ಶಾಪ ಇದೆ. ಅವರಪ್ಪನಿಗೂ ಐವತ್ತರೊಳಗೆ ಹೀಗೇ ಆಗಿತ್ತು, ದೊಡ್ಡಪ್ಪನಿಗೂ ಹೀಗೇ ಆಗಿತ್ತು ಎಂದು ಹಿರಿಯರೊಬ್ಬರು ನೆನಪಿಸಿದರಂತೂ ಶಾಪದ ಮಾತು ಗಟ್ಟಿಯಾಗಿಬಿಡುತ್ತದೆ. ನಾವು ಹೇಳುವುದಿಷ್ಟೇ. ಆ ಹಿರಿಯರ ನೆನಪನ್ನು ಜೋಯಿಸರ ಹತ್ತಿರ ಒಯ್ಯುವ ಮೊದಲು ಡಾಕ್ಟರ ಹತ್ತಿರ ಒಯ್ಯಿರಿ.

ಯಾಕೆಂದರೆ ಮೆದುಳಿನ ರಕ್ತನಾಳದ ಕೆಲವು ಕಾಯಿಲೆಗಳು ನಿಜವಾಗಿಯೂ ಮನೆತನದಲ್ಲಿ ಹರಿದು ಬರುತ್ತವೆ. ಅವುಗಳಲ್ಲಿ ಒಂದರ ಹೆಸರು ಕ್ಯಾಡಸಿಲ್. ನಾಚ್-3 ಎಂಬ ಜೀನಿನಲ್ಲಿ ಆಗುವ ಬದಲಾವಣೆ ಇದಕ್ಕೆ ಕಾರಣ. ನಮ್ಮ 19ನೇ ವರ್ಣತಂತುವಿನಲ್ಲಿರುವ ಈ ಜೀನನ್ನು ಪ್ಯಾರಿಸ್‌ನ ವಿಜ್ಞಾನಿಗಳು 1996ರಲ್ಲಿ ಪತ್ತೆ ಮಾಡಿದರು. ಈ ಬದಲಾವಣೆ ಇದ್ದವರ ಮೆದುಳಿನ ಸಣ್ಣ ಸಣ್ಣ ರಕ್ತನಾಳಗಳ ಗೋಡೆ ವರ್ಷದಿಂದ ವರ್ಷಕ್ಕೆ ಹಾಳಾಗುತ್ತಾ, ದಪ್ಪಗಾಗುತ್ತಾ ಹೋಗುತ್ತದೆ. ಹನಿ ನೀರಾವರಿಯ ಪೈಪಿನಲ್ಲಿ ಉಪ್ಪು ಕಟ್ಟಿ ಕೊನೆಯ ಗಿಡಕ್ಕೆ ನೀರು ಹೋಗದ ಹಾಗೆ, ಮೆದುಳಿನ ಒಳಭಾಗಕ್ಕೆ ರಕ್ತ ಸಾಲದೆ ಹೋಗುತ್ತದೆ.

ಇದರ ಲಕ್ಷಣ ಒಂದೇ ದಿನ ಬರುವುದಿಲ್ಲ. ಕೆಲವರಿಗೆ ಮೂವತ್ತರ ಆಸುಪಾಸಿನಲ್ಲಿ ಅರೆತಲೆನೋವು ಶುರುವಾಗುತ್ತದೆ. ನೋವಿಗೆ ಮೊದಲು ಕಣ್ಣಮುಂದೆ ಬೆಳಕು ಮಿಣುಕಿದಂತೆ, ಅಂಕುಡೊಂಕು ಗೆರೆ ಕಂಡಂತೆ ಆಗುತ್ತದೆ. ನಲವತ್ತು, ಐವತ್ತರ ವಯಸ್ಸಿನಲ್ಲಿ ಸಣ್ಣ ಸಣ್ಣ ಲಕ್ವಗಳು ಬರುತ್ತವೆ. ಜೊತೆಗೆ ಮಂಕು, ಖಿನ್ನತೆ, ಆಮೇಲೆ ಮರೆವು. ಎಂಆರ್‌ಐ ಸ್ಕ್ಯಾನಿನಲ್ಲಿ ಮೆದುಳಿನ ಬಿಳಿ ಭಾಗದಲ್ಲಿ ಕಲೆಗಳು ಕಾಣುತ್ತವೆ. ಅದನ್ನು ನೋಡಿದ ನರರೋಗ ತಜ್ಞರು ಮನೆತನದ ಕಥೆಯನ್ನೂ ಕೇಳಿದರೆ ಅನುಮಾನ ಸರಿಯಾದ ದಾರಿ ಹಿಡಿಯುತ್ತದೆ. ಕೇಳದಿದ್ದರೆ ಆ ಫೈಲಿನಲ್ಲಿ ಬರೀ ‘ಲಕ್ವ’ ಅಂತ ಉಳಿಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ನಮ್ಮ ಕಡೆ ಅಕ್ಕನ ಮಗಳನ್ನು, ಅತ್ತೆ ಮಗಳನ್ನು ಮದುವೆಯಾಗುವುದು ಇದೆ. ಯಾವ ಕಾಯಿಲೆ ಬಂದರೂ ‘ಸಂಬಂಧದಲ್ಲಿ ಮದುವೆಯಾದರಲ್ಲ, ಅದಕ್ಕೇ’ ಎನ್ನುತ್ತೇವೆ. ಕೆಲವು ಕಾಯಿಲೆಗಳಿಗೆ ಆ ಮಾತು ಸರಿ. ಕ್ಯಾಡಸಿಲ್ ಹಾಗಲ್ಲ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ದರೂ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು ಹೆಣ್ಣು ಎಂಬ ಭೇದವಿಲ್ಲ. ಆದ್ದರಿಂದ ಸೊಸೆ ಬಂದ ಗಳಿಗೆ, ಹುಡುಗಿಯ ಕಾಲ್ಗುಣ ಎಂದು ಯಾರನ್ನೂ ಹಳಿಯುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಪರೀಕ್ಷೆ? ಅದು ಸುಲಭ. ಸ್ವಲ್ಪ ರಕ್ತ ತೆಗೆದು ಲ್ಯಾಬಿನಲ್ಲಿ ಆ ಜೀನನ್ನು ಓದುತ್ತಾರೆ. ಆದರೆ ಕ್ರಮ ಮುಖ್ಯ. ಮೊದಲು ಪರೀಕ್ಷೆ ಆಗಬೇಕಾದದ್ದು ಕಾಯಿಲೆಯ ಲಕ್ಷಣ ಇರುವವರಿಗೆ. ಅವರಲ್ಲಿ ಇಂಥ ಜಾಗದಲ್ಲಿ ಇಂಥ ಬದಲಾವಣೆ ಇದೆ ಎಂದು ಗೊತ್ತಾದ ಮೇಲೆ, ಮನೆಯ ಉಳಿದವರಲ್ಲಿ ಅದೊಂದೇ ಜಾಗ ನೋಡಿದರೆ ಸಾಕು. ಈ ಕ್ರಮ ಬಿಟ್ಟು ಆರೋಗ್ಯವಾಗಿರುವ ತಮ್ಮನ ರಕ್ತ ಮೊದಲು ಕಳಿಸಿದರೆ, ಹೌದೂ ಅಲ್ಲ ಇಲ್ಲವೂ ಅಲ್ಲ ಎನ್ನುವ ವರದಿ ಬಂದು ಮನೆಯವರ ನಿದ್ದೆ ಕೆಡಬಹುದು. ಅರ್ಥ ಇನ್ನೂ ಖಚಿತವಾಗದ ಬದಲಾವಣೆಗಳು ಜೀನುಗಳಲ್ಲಿ ಇರುತ್ತವೆ.

ವರದಿ ಏನು ಹೇಳುವುದಿಲ್ಲ ಎಂಬುದೂ ಗೊತ್ತಿರಲಿ. ಯಾವ ವರ್ಷ ಲಕ್ವ ಬರುತ್ತದೆ, ಎಷ್ಟು ಜೋರಾಗಿ ಬರುತ್ತದೆ ಎಂದು ಅದು ಹೇಳುವುದಿಲ್ಲ. ಒಂದೇ ಮನೆಯಲ್ಲಿ ಒಂದೇ ಬದಲಾವಣೆ ಇರುವ ಅಣ್ಣ ನಲವತ್ತೈದಕ್ಕೆ ಹಾಸಿಗೆ ಹಿಡಿದರೆ, ತಂಗಿ ಅರವತ್ತು ದಾಟಿ ಹೊಲದಲ್ಲಿ ಕಳೆ ಕೀಳುತ್ತಿರಬಹುದು. ಕಾಯಿಲೆಯನ್ನು ಬುಡಸಮೇತ ತೆಗೆಯುವ ಔಷಧಿ ಇನ್ನೂ ಬಂದಿಲ್ಲ. ಆದರೆ ಕೈಕಟ್ಟಿ ಕೂರಬೇಕಿಲ್ಲ. ಬೀಡಿ ಸಿಗರೇಟು ಸೇದುವವರಿಗೆ, ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ ಇದೇ ಕಾಯಿಲೆ ಬೇಗ ಕಾಡುತ್ತದೆ. ಬೀಡಿ ಬಿಡುವುದು, ಬಿಪಿ ಮಾತ್ರೆ ತಪ್ಪಿಸದಿರುವುದು ನಮ್ಮ ಕೈಯಲ್ಲೇ ಇದೆ. ಅದಕ್ಕೆ ಜೀನ್ ವರದಿಯೇ ಬೇಕೆಂದಿಲ್ಲ.

ಇನ್ನು ನಮ್ಮ ಅಭಿಪ್ರಾಯಕ್ಕೆ ಬರುತ್ತೇವೆ. ಕಾಯಿಲೆ ಕಾಣಿಸಿಕೊಂಡವರಿಗೆ ಪರೀಕ್ಷೆ ಆಗಲೇಬೇಕು. ಇಲ್ಲದಿದ್ದರೆ ಆ ಮನೆಯವರು ಹತ್ತು ಆಸ್ಪತ್ರೆ, ಹತ್ತು ದೇವಸ್ಥಾನ ಸುತ್ತಿ ಹೊಲ ಅಡ ಇಡುತ್ತಾರೆ. ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಮಕ್ಕಳು, ತಮ್ಮ ತಂಗಿಯರ ವಿಷಯದಲ್ಲಿ ತೀರ್ಮಾನ ಅವರವರದ್ದೇ. ‘ನನಗೆ ತಿಳಿಯಬೇಕು’ ಎನ್ನುವವರಿಗೆ ಬೇಡ ಅನ್ನಬಾರದು. ‘ನನಗೆ ಈಗ ತಿಳಿಯುವುದು ಬೇಡ’ ಎನ್ನುವವರನ್ನು ಹೇಡಿ ಅನ್ನಬಾರದು. ಲಕ್ಷಣವಿಲ್ಲದ ಚಿಕ್ಕ ಮಕ್ಕಳಿಗೆ ಇಂಥ ಪರೀಕ್ಷೆ ಮಾಡಬಾರದು, ಹದಿನೆಂಟು ದಾಟಿದ ಮೇಲೆ ಅವರೇ ಯೋಚಿಸಲಿ ಎಂಬುದು ಜಗತ್ತಿನ ತಜ್ಞರ ಒಪ್ಪಿತ ನಿಲುವು. ಅದೇ ಸರಿ.

ನಮಗೆ ಹೆಚ್ಚು ಭಯ ಇರುವುದು ಮದುವೆ ಮಾತುಕತೆಯ ಬಗ್ಗೆ. ಇವತ್ತು ಜಾತಕ ಕೇಳುವವರು ನಾಳೆ ಜೀನ್ ವರದಿ ಕೇಳಬಹುದು. ಕೇಳುವುದು ಬಹುಪಾಲು ಹುಡುಗಿಯ ಕಡೆಯವರನ್ನೇ. ಮದುವೆಯಾಗುವ ಇಬ್ಬರು ತಮ್ಮಲ್ಲಿ ಕೂತು ಪ್ರಾಮಾಣಿಕವಾಗಿ ಮಾತಾಡಿಕೊಳ್ಳುವುದು ಬೇರೆ. ದಲ್ಲಾಳಿಯ ಫೋನಿನಲ್ಲಿ ವರದಿಯ ಫೋಟೋ ಓಡಾಡುವುದು ಬೇರೆ. ವರದಿ ಒಬ್ಬರದ್ದಾದರೂ ಅದರಲ್ಲಿ ಇಡೀ ವಂಶದ ಗುಟ್ಟಿದೆ. ದಯವಿಟ್ಟು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ಕಾನೂನೂ ಇಲ್ಲಿ ಬಲವಾಗಿಲ್ಲ. ಜೀನ್ ನೋಡಿ ಆರೋಗ್ಯ ವಿಮೆಯಲ್ಲಿ, ಕೆಲಸದಲ್ಲಿ ತಾರತಮ್ಯ ಮಾಡಬಾರದೆಂದು ಅಮೆರಿಕ 2008ರಲ್ಲೇ ಕಾನೂನು ಮಾಡಿತು. ನಮ್ಮಲ್ಲಿ 2018ರಲ್ಲಿ ದೆಹಲಿ ಹೈಕೋರ್ಟ್, ಆನುವಂಶಿಕ ಕಾಯಿಲೆ ಎಂಬ ವಿಶಾಲ ಷರತ್ತಿನ ನೆಪದಲ್ಲಿ ಆರೋಗ್ಯ ವಿಮೆ ನಿರಾಕರಿಸುವುದು ತಾರತಮ್ಯ ಎಂದಿತು. ವಿಮಾ ಕಂಪನಿ ಆ ವಿಷಯವನ್ನು ಸುಪ್ರೀಂ ಕೋರ್ಟಿಗೂ ಒಯ್ದಿತು. ಸಂಸತ್ತು ಇದಕ್ಕಾಗಿಯೇ ಒಂದು ಸ್ಪಷ್ಟ ಕಾನೂನು ತರುವುದು ಬಿಟ್ಟು ಬೇರೆ ದಾರಿಯಿಲ್ಲ.

ರಾಜ್ಯ ಸರ್ಕಾರದ ಮುಂದೆಯೂ ನಮ್ಮದೊಂದು ಬೇಡಿಕೆ ಇದೆ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರುಮಾಡಿತು. ಜಿಲ್ಲಾ ಆಸ್ಪತ್ರೆಯಲ್ಲೇ ಮೆದುಳಿನ ಕಾಯಿಲೆ ನೋಡಬೇಕು, ಎಲ್ಲರೂ ಬೆಂಗಳೂರಿಗೆ ಓಡಬಾರದು ಎಂಬುದು ಅದರ ಆಶಯ. ಒಳ್ಳೆಯ ಕೆಲಸ. ಅದಕ್ಕೆ ಇನ್ನೊಂದು ಕುರ್ಚಿ ಸೇರಿಸಿ. ಪರೀಕ್ಷೆಗೆ ಮೊದಲು ಅದರಿಂದ ಏನಾಗುತ್ತದೆ ಎಂದು, ವರದಿ ಬಂದ ಮೇಲೆ ಮುಂದೇನು ಎಂದು ನಮ್ಮ ಭಾಷೆಯಲ್ಲಿ, ಬಾಗಿಲು ಮುಚ್ಚಿ, ಸಮಾಧಾನವಾಗಿ ಹೇಳುವ ಜೆನೆಟಿಕ್ ಆಪ್ತಸಮಾಲೋಚಕರು ಅಲ್ಲಿ ವಾರಕ್ಕೊಂದು ದಿನವಾದರೂ ಕೂರಲಿ. ಬರಲಾಗದಿದ್ದರೆ ವಿಡಿಯೋ ಕರೆಯಲ್ಲಾದರೂ ಸಿಗಲಿ. ಆ ಮಾತುಕತೆ ಇಲ್ಲದೆ ಬರೀ ವರದಿ ಕೈಗಿಡುವುದು, ಈಜು ಬಾರದವನನ್ನು ಕೆರೆಗೆ ತಳ್ಳಿದ ಹಾಗೆ.

ಅಲ್ಲಿಯವರೆಗೆ ನೀವು ದುಡ್ಡಿಲ್ಲದೆ ಮಾಡಬಹುದಾದ ಕೆಲಸ ಒಂದಿದೆ. ಅಜ್ಜ ಅಜ್ಜಿಯಿಂದ ಹಿಡಿದು ಮೂರು ತಲೆಮಾರಿನಲ್ಲಿ ಯಾರಿಗೆ ಲಕ್ವ, ಅರೆತಲೆನೋವು, ಬೇಗನೆ ಮರೆವು ಬಂತು, ಆಗ ವಯಸ್ಸು ಎಷ್ಟಿತ್ತು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ತಾಯಿ ಕಡೆಯವರನ್ನೂ ಬಿಡಬೇಡಿ. ಡಾಕ್ಟರ್ ಕೇಳದಿದ್ದರೂ ಆ ಹಾಳೆಯನ್ನು ಅವರ ಮೇಜಿನ ಮೇಲೆ ಇಡಿ.