ಹೊಡೆಯಲಿಕ್ಕೂ ಅವಳಿಗೊಂದು ನೆಪ ಬೇಕಂತೆ

ನಮ್ಮ ಸಿನಿಮಾದಲ್ಲಿ ಹೆಣ್ಣು ಕೈ ಎತ್ತಬೇಕಾದರೆ ಮೊದಲು ಅವಳ ಮನೆಯಲ್ಲಿ ಒಂದು ಹೆಣ ಬೀಳಬೇಕು. ಅಪ್ಪನದ್ದೋ, ಅಣ್ಣನದ್ದೋ, ಗಂಡನದ್ದೋ. ಹೆಣ ಬೀಳದಿದ್ದರೆ ಅವಳ ಮಾನಕ್ಕೆ ಕುತ್ತು ಬರಬೇಕು. ಅದೂ ಬೇಡವೆಂದರೆ ಖಾಕಿ ತೊಡಿಸಬೇಕು. ಮಾಲಾಶ್ರೀ 1991ರಲ್ಲಿ ‘ಎಸ್.ಪಿ. ಭಾರ್ಗವಿ’ಯಾದರು, 2004ರಲ್ಲಿ ‘ದುರ್ಗಿ’ಯಾದರು, ಗಂಡಸರನ್ನು ಸಾಲಾಗಿ ಮಲಗಿಸಿದರು, ಥಿಯೇಟರಿನಲ್ಲಿ ಶಿಳ್ಳೆ ಬಿತ್ತು. ಅದನ್ನು ಹಗುರ ಮಾಡಿ ಮಾತಾಡುವವನು ನಾನಲ್ಲ. ಆದರೆ ನಾಯಕನಿಗೆ ಈ ತಾಪತ್ರಯವೇ ಇಲ್ಲ ನೋಡಿ. ಮೊದಲ ಹಾಡಿಗೆ ಮುಂಚೆ ಹತ್ತು ಜನರನ್ನು ಗಾಳಿಗೆ ತೂರದಿದ್ದರೆ ಅವನನ್ನು ನಾಯಕ ಎಂದು ಯಾರೂ ಒಪ್ಪುವುದಿಲ್ಲ. ಯಾಕೆ ಹೊಡೆದ ಎಂದು ಕೇಳುವವರಿಲ್ಲ. ಅವಳಿಗೆ ಮಾತ್ರ ಹೊಡೆಯಲು ಲೈಸೆನ್ಸು ಬೇಕು.

ಖಾಕಿಯ ಮಾತು ಬಂತಲ್ಲ, ಆ ಬಟ್ಟೆ ಹುಟ್ಟಿದ್ದು ನಮ್ಮ ಬಲ್ಮಠದಲ್ಲೇ ಎಂಬುದು ಮಂಗಳೂರಿಗರ ಹೆಮ್ಮೆ. ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ 1850ರ ದಶಕದಲ್ಲಿ ಆ ಬಣ್ಣ ತೆಗೆದರು ಎನ್ನುತ್ತಾರೆ. ಪೊಲೀಸ್ ಇಲಾಖೆಯ ಜೊತೆಗೆ ನಮ್ಮ ನಾಯಕಿಯರಿಗೂ ಬಟ್ಟೆ ಕೊಟ್ಟ ಊರು ಇದು. ಇದೇ ಬಲ್ಮಠದಲ್ಲಿ ಖಾಕಿಯೂ ಇಲ್ಲದ, ಸೇಡೂ ಇಲ್ಲದ ಒಬ್ಬ ಹುಡುಗಿಯ ಸಿನಿಮಾ ಆಗಬೇಕು ಎಂಬುದು ಈ ವಾರದ ನನ್ನ ಹಟ. ಕಡಿಮೆ ದುಡ್ಡಿನ ಸಿನಿಮಾ. ಕದ್ದುಮುಚ್ಚಿ ನಡೆಯುವ ಬಾಕ್ಸಿಂಗ್ ಪಂದ್ಯಗಳಲ್ಲಿ ದುಡ್ಡಿಗಾಗಿ ಆಡುವ ಹುಡುಗಿ. ಬೇರೆ ಕಾರಣವೇನೂ ಇಲ್ಲ. ಅವಳಿಗೆ ಹೊಡೆಯಲು ಬರುತ್ತದೆ, ಹೊಡೆಯುವುದು ಇಷ್ಟ, ಕೈಯಲ್ಲಿ ಕಾಸಿಲ್ಲ. ಅಷ್ಟೇ.

ಇಂಥದ್ದು ಎಲ್ಲೂ ಆಗಿಲ್ಲವೆಂದಲ್ಲ. ಕ್ಯಾರಿನ್ ಕುಸಾಮಾ ಎಂಬ ನಿರ್ದೇಶಕಿ 2000ನೇ ಇಸವಿಯಲ್ಲಿ ‘ಗರ್ಲ್‌ಫೈಟ್’ ಮಾಡಿದರು. ಅದು ಅವರ ಮೊದಲ ಚಿತ್ರ. ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ ಎನ್ನಬಹುದಾದ ಸುಮಾರು ಹತ್ತು ಲಕ್ಷ ಡಾಲರಿನ ಖರ್ಚು. ನಾಯಕಿ ಮಿಷೆಲ್ ರಾಡ್ರಿಗಸ್‌ಗೂ ಅದೇ ಮೊದಲ ದೊಡ್ಡ ಪಾತ್ರ. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಒಬ್ಬ ಅಪ್ಪ ಮಗನ ಬಾಕ್ಸಿಂಗ್ ಕ್ಲಾಸಿಗೆ ಫೀಸು ಕಟ್ಟುತ್ತಾನೆ. ಮಗನಿಗೆ ಚಿತ್ರ ಬರೆಯುವ ಆಸೆ. ಹೊಡೆಯುವ ಆಸೆ ಇರುವುದು ಮಗಳಿಗೆ, ಅವಳಿಗೆ ದುಡ್ಡಿಲ್ಲ. ಕೊನೆಗೆ ತಮ್ಮ ತನ್ನ ಪಾಲಿನ ಫೀಸನ್ನು ಅಕ್ಕನಿಗೆ ಬಿಟ್ಟುಕೊಡುತ್ತಾನೆ. ಮನೆಯಲ್ಲಿ ನೋವು ಇಲ್ಲವೆಂದಲ್ಲ, ತಾಯಿ ಸತ್ತದ್ದಕ್ಕೆ ಅಪ್ಪನ ಮೇಲೆ ಅವಳಿಗೆ ಕುದಿಯುವಷ್ಟು ಸಿಟ್ಟಿದೆ. ಆದರೆ ಆ ಸಿಟ್ಟಿನ ಲೆಕ್ಕ ಮನೆಯಲ್ಲೇ ಚುಕ್ತಾ ಆಗುತ್ತದೆ. ರಿಂಗಿನಲ್ಲಿ ಎದುರಿಗೆ ನಿಲ್ಲುವವರಲ್ಲಿ ಒಬ್ಬನೂ ಖಳನಲ್ಲ. ಕೊನೆಯ ಪಂದ್ಯದ ಎದುರಾಳಿ ಅವಳು ಪ್ರೀತಿಸುವ ಹುಡುಗನೇ. ಅವನ ಮೇಲೆ ಅವಳಿಗೆ ಯಾವ ಹಗೆಯೂ ಇಲ್ಲ. ಆದರೂ ಹೊಡೆಯುತ್ತಾಳೆ, ಗೆಲ್ಲುತ್ತಾಳೆ. ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೆ ದೊಡ್ಡ ಬಹುಮಾನ ಬಂತು.

ನಾಲ್ಕು ವರ್ಷದ ನಂತರ ಬಂದ ‘ಮಿಲಿಯನ್ ಡಾಲರ್ ಬೇಬಿ’ ಆಸ್ಕರ್ ಬಾಚಿಕೊಂಡಿತು. ಒಳ್ಳೆಯ ಸಿನಿಮಾ, ನಾನೂ ಕಣ್ಣೊರೆಸಿಕೊಂಡವನೇ. ಆದರೆ ರಿಂಗಿಗಿಳಿದ ಹೆಣ್ಣನ್ನು ಅದು ಹಾಸಿಗೆ ಹಿಡಿಸಿಯೇ ಬಿಡುತ್ತದೆ. ನಮ್ಮ ‘ಮೇರಿ ಕೋಮ್’ (2014) ಬಾಕ್ಸರಿನ ಜೊತೆ ತಾಯ್ತನವನ್ನೂ ದೇಶವನ್ನೂ ಕಟ್ಟಿ ಕಳಿಸಿತು. ನಿಜವಾದ ಮೇರಿ ಕೋಮ್ ಬಾಕ್ಸಿಂಗ್ ಕಲಿತದ್ದು ಅಪ್ಪನಿಗೆ ಗೊತ್ತಾಗದ ಹಾಗೆ. ರಾಜ್ಯ ಮಟ್ಟದಲ್ಲಿ ಗೆದ್ದು ಪತ್ರಿಕೆಯಲ್ಲಿ ಫೋಟೊ ಬಂದಾಗಲೇ ಅವರಿಗೆ ತಿಳಿದದ್ದು. ಆಗ ಅವಳಿಗೆ ಧ್ವಜ, ರಾಷ್ಟ್ರಗೀತೆ ಯಾವುದೂ ಇರಲಿಲ್ಲ. ಹೊಡೆಯುವ ಆಸೆಯೊಂದೇ ಇತ್ತು. ಸುಧಾ ಕೊಂಗರ ಅವರ ತಮಿಳಿನ ‘ಇರುದಿ ಸುಟ್ರು’ (2016) ಇದಕ್ಕಿಂತ ಹತ್ತಿರ ಬಂತು. ಉತ್ತರ ಚೆನ್ನೈಯಲ್ಲಿ ಮೀನು ಮಾರುವ ಬಾಯಿಬಡುಕಿ ಹುಡುಗಿ. ಪಾತ್ರ ಮಾಡಿದ ರಿತಿಕಾ ಸಿಂಗ್ ನಿಜಕ್ಕೂ ಕಿಕ್‌ಬಾಕ್ಸರ್. ಕನ್ನಡದ ‘ಪೈಲ್ವಾನ್’ (2019) ಕುಸ್ತಿಯ ಅಖಾಡದಿಂದ ಬಾಕ್ಸಿಂಗ್ ರಿಂಗಿಗೆ ಹೋಯಿತು, ಆದರೆ ಗ್ಲೌಸ್ ತೊಟ್ಟದ್ದು ಸುದೀಪ್. ಹೆಂಡತಿಯ ಪಾತ್ರಕ್ಕೆ ಉಳಿದದ್ದು ಕಾಯುವ ಕೆಲಸ.

ಹೊರಜಗತ್ತೂ ಈ ವಿಷಯದಲ್ಲಿ ಮಹಾ ಉದಾರಿಯಲ್ಲ. ಗಂಡಸರ ಬಾಕ್ಸಿಂಗ್ ಒಲಿಂಪಿಕ್ಸಿಗೆ ಬಂದದ್ದು 1904ರಲ್ಲಿ, ಹೆಂಗಸರದ್ದು 2012ರಲ್ಲಿ. ಅದಕ್ಕೂ ಮೊದಲು, ರಿಂಗಿನಲ್ಲಿ ಅವರು ಸ್ಕರ್ಟ್ ತೊಡಲಿ, ಗಂಡಸರಿಂದ ಬೇರೆಯಾಗಿ ಕಾಣಬೇಕಲ್ಲ ಎಂದು ವಾದಿಸಿದ ಮಹಾಶಯರೂ ಇದ್ದರು. ಬ್ರಿಟನ್ನಿನಲ್ಲಿ ಬಾಕ್ಸರ್ ಜೇನ್ ಕೌಚ್ 1998ರಲ್ಲಿ ಕೇಸು ಹಾಕಿ ಗೆಲ್ಲುವವರೆಗೆ ಹೆಣ್ಣಿಗೆ ವೃತ್ತಿಪರ ಬಾಕ್ಸಿಂಗಿನ ಲೈಸೆನ್ಸೇ ಸಿಗುತ್ತಿರಲಿಲ್ಲ. ಮುಟ್ಟಿನ ದಿನಗಳಲ್ಲಿ ಹೆಂಗಸರ ಮನಸ್ಸು ಸ್ಥಿಮಿತದಲ್ಲಿರುವುದಿಲ್ಲ ಎಂಬುದು ಅಲ್ಲಿನ ಮಂಡಳಿಯ ವಾದಗಳಲ್ಲೊಂದು. ರಿಂಗಿಗಿಳಿದು ಮೂಗು ಒಡೆಸಿಕೊಳ್ಳುವ ಗಂಡಸಿನ ಮನಸ್ಸಿನ ಸ್ಥಿಮಿತದ ಬಗ್ಗೆ ಅವರಿಗೆ ಯಾವ ಅನುಮಾನವೂ ಇರಲಿಲ್ಲ!

ಮಂಗಳೂರಿಗೆ ಬರೋಣ. 2017ರ ನವೆಂಬರ್, ನೆಹರೂ ಮೈದಾನ, ಇಂಡಿಯನ್ ಕರಾಟೆ ಚಾಂಪಿಯನ್‌ಶಿಪ್. ಉದ್ಘಾಟನೆಗೆ ಬಂದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪಂಚೆಯಲ್ಲೇ ಮೇಯರ್ ಕವಿತಾ ಸನಿಲ್ ಎದುರು ಕೈ ಎತ್ತಿ ನಿಂತ ಫೋಟೊ ಎಲ್ಲ ಪತ್ರಿಕೆಗಳಲ್ಲೂ ಬಂತು. ಜನ ನಕ್ಕರು. ಮೇಯರ್ ಮಾತ್ರ ಬರೀ ಫೋಟೊಗೆ ನಿಂತವರಲ್ಲ. ಹಿಂದೆ ರಾಷ್ಟ್ರಮಟ್ಟದಲ್ಲಿ ಆಡಿದ ಕರಾಟೆಪಟು ಅವರು; ಆ ಕೂಟದಲ್ಲಿ ಸ್ಪರ್ಧಿಯಾಗಿಯೇ ಅಂಕಣಕ್ಕಿಳಿದು ಚಿನ್ನ ಗೆದ್ದರು. ಒಂದು ನಗರದ ಪ್ರಥಮ ಪ್ರಜೆ ಇನ್ನೊಬ್ಬ ಹೆಂಗಸಿನ ಜೊತೆ ಬಹಿರಂಗವಾಗಿ ಹೊಡೆದಾಡಿ ಗೆದ್ದ ಊರು ಇದು. ಇದರಲ್ಲಿ ಸೇಡೆಲ್ಲಿ ಬಂತು? ಅವರಿಗೆ ಬರುತ್ತಿತ್ತು, ಆಡಿದರು. ಯಾವ ಚಿತ್ರಕಥೆಗಾರನ ಕಣ್ಣಿಗೂ ಅದೊಂದು ಕಥೆಯಾಗಿ ಬೀಳಲಿಲ್ಲ.

ಕದ್ದುಮುಚ್ಚಿ ನಡೆಯುವ ಕಾಳಗವೆಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಕೋಳಿ ಅಂಕ. ಕಾಲಿಗೆ ಬಾಳು ಕಟ್ಟಿದ ಹುಂಜ, ಸುತ್ತ ನಿಂತ ಗಂಡಸರು, ಬೆರಳ ಸಂದಿಯಲ್ಲಿ ಮಡಚಿಟ್ಟ ನೋಟು, ಪೊಲೀಸರು ಬಂದರೆಂದು ಯಾರೋ ಕೂಗಿದರೆ ತೋಟದ ನಾಲ್ಕೂ ದಿಕ್ಕಿಗೆ ಓಟ. ಕೋಳಿಯ ಪರವಾಗಿ ನಮ್ಮಲ್ಲಿ ಸ್ಪಷ್ಟ ಕಾನೂನಿದೆ: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವವನನ್ನೂ ಅದಕ್ಕೆ ಜಾಗ ಕೊಡುವವನನ್ನೂ ಹಿಡಿಯುತ್ತದೆ. ಮನುಷ್ಯರ ವಿಷಯ ಅಷ್ಟು ಸಲೀಸಲ್ಲ. ಹಳೆಯ ಐಪಿಸಿಯ 87, ಈಗಿನ ನ್ಯಾಯ ಸಂಹಿತೆಯ 25ನೇ ಸೆಕ್ಷನ್ ಪ್ರಕಾರ ಹದಿನೆಂಟು ದಾಟಿದವರು ಒಪ್ಪಿಕೊಂಡು ಆಡುವಾಗ, ಸಾವು ಅಥವಾ ಘೋರ ಗಾಯದ ಉದ್ದೇಶವಾಗಲಿ, ಅದು ಆಗಬಹುದೆಂಬ ಅರಿವಾಗಲಿ ಇಲ್ಲದೆ ಆದ ಪೆಟ್ಟು ಅಪರಾಧವಲ್ಲ. ಉದಾಹರಣೆಗೆ ಕೊಟ್ಟದ್ದು ಮೋಜಿಗಾಗಿ ಕತ್ತಿವರಸೆ ಆಡುವ ಇಬ್ಬರನ್ನು. 1860ರ ಸಾಹೇಬರ ಕಲ್ಪನೆ ಅಲ್ಲಿಗೆ ನಿಂತಿತು. ಬಾಡಿಗೆ ಕಟ್ಟಲಿಕ್ಕಾಗಿ ಒಪ್ಪಿಕೊಂಡವಳ ಒಪ್ಪಿಗೆ ಎಷ್ಟರ ಒಪ್ಪಿಗೆ ಎಂದು ಆ ಸೆಕ್ಷನ್ ಕೇಳುವುದಿಲ್ಲ. ಸಿನಿಮಾ ಕೇಳಬೇಕಾದದ್ದು ಅದನ್ನೇ.

ಕತ್ತಲೆಯ ನೆಲಮಾಳಿಗೆಯೇ ಬೇಕೆಂದಿಲ್ಲ, ಬ್ಯಾನರ್ ಕಟ್ಟಿ ನಡೆಸಿದ ಕೂಟದಲ್ಲೂ ಜೀವ ಹೋಗುತ್ತದೆ. 2022ರ ಜುಲೈಯಲ್ಲಿ ಬೆಂಗಳೂರಿನ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಪೆಟ್ಟು ತಿಂದು ಕುಸಿದ ಮೈಸೂರಿನ ತರುಣ ಮತ್ತೆ ಏಳಲಿಲ್ಲ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆಯೇ ಇರಲಿಲ್ಲ ಎಂಬುದು ಮನೆಯವರ ದೂರು.

ಹಾಗಾಗಿ ನನ್ನ ಊಹೆಯ ಸಿನಿಮಾದಲ್ಲಿ ಸ್ಲೋ ಮೋಷನ್ನಿನಲ್ಲಿ ಬೆವರು ಚಿಮ್ಮುವುದಿಲ್ಲ. ಕ್ಯಾಮೆರಾ ಅವಳ ಕೈಯ ಮೇಲಿರಲಿ. ಗ್ಲೌಸಿನೊಳಗೆ ಸುತ್ತುವ ಬಟ್ಟೆಪಟ್ಟಿ ನಾಲ್ಕೂವರೆ ಮೀಟರ್‌ವರೆಗೂ ಇರುತ್ತದೆ. ಹೆಬ್ಬೆರಳಿಗೆ ಕುಣಿಕೆ ಹಾಕಿ, ಮಣಿಕಟ್ಟಿಗೆ ಸುತ್ತಿ, ಬೆರಳ ಸಂದಿಗಳಲ್ಲಿ ತೂರಿಸಿ, ಗೆಣ್ಣುಗಳ ಮೇಲೆ ದಪ್ಪ ಬರುವಂತೆ ಬಿಗಿಯಬೇಕು. ಮಳೆಗಾಲದ ಮಂಗಳೂರಿನಲ್ಲಿ ಅದು ಒಣಗುವುದೇ ಇಲ್ಲ. ರಾತ್ರಿಯಿಡೀ ಫ್ಯಾನಿನಡಿ ಹರಡಿದರೂ ಬೆಳಿಗ್ಗೆ ಮುಗ್ಗಲು ವಾಸನೆ. ಒದ್ದೆ ಪಟ್ಟಿ ಸುತ್ತಿಕೊಂಡರೆ ಚರ್ಮ ಸುಲಿಯುತ್ತದೆ. ಹುಡುಗಿ ಬಂದರಿನ ದಕ್ಕೆಯಲ್ಲಿ ಬೆಳಗಿನ ಜಾವ ಮೀನು ವಿಂಗಡಿಸುವವಳಾದರೆ ಆ ಸುಲಿದ ಗೆಣ್ಣಿಗೆ ಉಪ್ಪುನೀರು ತಾಗಿ ಹೇಗಿರುತ್ತದೆ ಎಂದು ಸಂಭಾಷಣೆಯಲ್ಲಿ ಹೇಳಬೇಕಾಗಿಲ್ಲ. ಜಾಗಕ್ಕೂ ಪರದಾಟವಿಲ್ಲ. ಹಂಪನಕಟ್ಟೆಯಿಂದ ಬಲ್ಮಠಕ್ಕೆ ಏರುವ ರಸ್ತೆಯಲ್ಲಿ ವಾಣಿಜ್ಯ ಸಂಕೀರ್ಣಗಳ ಬೇಸ್‌ಮೆಂಟುಗಳಿವೆ. ಅಧಿಕೃತ ರಿಂಗೇ ಹಗ್ಗದೊಳಗೆ 6.1 ಮೀಟರಿನ ಚೌಕ, ಕಳ್ಳ ಪಂದ್ಯಕ್ಕೆ ನಾಲ್ಕು ಕಾರು ನಿಲ್ಲುವ ಜಾಗ ಧಾರಾಳ. ಮೇಲೆ ಮಹಿಳಾ ಕಾಲೇಜು ಬಿಟ್ಟು ಹುಡುಗಿಯರು ಬಸ್ಸಿಗೆ ಕಾಯುತ್ತಿರುತ್ತಾರೆ, ಕೆಳಗೆ ಅದೇ ವಯಸ್ಸಿನವಳು ಲಕೋಟೆಯಲ್ಲಿ ಎಷ್ಟಿದೆ ಎಂದು ಎಣಿಸುತ್ತಿರುತ್ತಾಳೆ. ಎಣಿಸುವಾಗ ಕಮಿಷನ್ ಕತ್ತರಿಸಿದವನ ಮುಖವೂ ಕಾಣಲಿ.

ತುಳುವಿನಲ್ಲಿ ಮಾಡಿದರೆ ಇನ್ನೂ ಚೆನ್ನ. 2011ರ ‘ಒರಿಯರ್ದೊರಿ ಅಸಲ್’ ಆದಮೇಲೆ ತುಳು ಸಿನಿಮಾ ಎಂದರೆ ನಗಿಸುವುದು ಎಂದಾಗಿಬಿಟ್ಟಿದೆ, ನಾಯಕಿ ಹಾಡಿಗೆ ಬಂದು ಹೋಗುತ್ತಾಳೆ. ಅಭಯ ಸಿಂಹ ಮೀನುಗಾರರ ಬದುಕಿಗೆ ಮ್ಯಾಕ್‌ಬೆತ್ ತಂದು ‘ಪಡ್ಡಾಯಿ’ ಮಾಡಿದಾಗ ಬೇರೆ ದಾರಿಯೂ ಉಂಟೆಂದು ಗೊತ್ತಾಯಿತು, ರಾಷ್ಟ್ರಪ್ರಶಸ್ತಿಯೂ ಬಂತು. ತುಳುವರಿಗೆ ಹೊಡೆಯುವ ಹೆಣ್ಣು ಹೊಸಬಳೂ ಅಲ್ಲ. ಸಿರಿ ಪಾಡ್ದನದ ಸೋದರಿಯರಾದ ಅಬ್ಬಗ-ದಾರಗ ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳ ತಲೆಗೆ ಬಡಿಯುತ್ತಾಳೆ. ಹಿಂದೆ ದೈವವಾದ ಬೆರ್ಮೆರ ಮುನಿಸಿದೆ, ನಿಜ. ಆದರೆ ಆ ಕ್ಷಣದಲ್ಲಿ ಕೈ ಎದ್ದದ್ದು ಆಟದ ಸಿಟ್ಟಿಗೆ. ಅಕ್ಕತಂಗಿಯರು ಜೊತೆಗೆ ಕೂತು ಚೆನ್ನೆ ಆಡಬಾರದು ಎಂದು ಅಜ್ಜಿಯಂದಿರು ಗದರುತ್ತಿದ್ದದ್ದು ಅದಕ್ಕೇ. ಹೆಣ್ಣಿನ ಕೈ ಸುಮ್ಮನೆಯೂ ಏಳುತ್ತದೆ ಎಂದು ಅವರಿಗೆ ಗೊತ್ತಿತ್ತು.

ನಿರ್ಮಾಪಕರು ಯಾರಾದರೂ ಮುಂದೆ ಬಂದರೆ ನನ್ನದೊಂದು ಷರತ್ತಿದೆ. 2016ರ ನವೆಂಬರಿನಲ್ಲಿ ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಮೂವರಲ್ಲಿ ನಾಯಕ ಬದುಕಿದರು, ಖಳರ ಪಾತ್ರದ ಅನಿಲ್ ಮತ್ತು ಉದಯ್ ಮುಳುಗಿದರು. ಅದೇನೂ ಬಡ ಸಿನಿಮಾ ಆಗಿರಲಿಲ್ಲ. ದುಡ್ಡಿಲ್ಲದ ಸಿನಿಮಾದಲ್ಲಿ ಮೊದಲು ಕತ್ತರಿ ಬೀಳುವುದು ವಿಮೆಗೆ, ಆಂಬುಲೆನ್ಸಿಗೆ, ಸೆಟ್ಟಿನಲ್ಲಿ ಕೂರುವ ಡಾಕ್ಟರಿಗೆ. ಈ ಚಿತ್ರದಲ್ಲಿ ಆ ಮೂರೂ ಖರ್ಚು ಬಜೆಟ್ ಹಾಳೆಯ ಮೊದಲ ಸಾಲಿನಲ್ಲೇ ಇರಬೇಕು, ನಾಯಕಿಯ ಹೆಸರಿನಲ್ಲಿರುವಷ್ಟೇ ಅವಳ ಕೈಯಲ್ಲಿ ಪೆಟ್ಟು ತಿನ್ನುವ ಎದುರಾಳಿ ಹುಡುಗಿಯರ ಹೆಸರಿನಲ್ಲೂ.